ಸೈಲಸ್ ತನ್ನ ಆರೋಪವನ್ನು ಹಿಂತೆಗೆದುಕೊಂಡ ಗಳಿಗೆ

ನಂಬಿದವರಿಂದಲೇ ಮೋಸಹೋದವರ ಕಥೆಗಳು ಹೆಚ್ಚಾಗಿ ಸೇಡಿನಲ್ಲಿ ಮುಗಿಯುತ್ತವೆ, ಇಲ್ಲವೇ ಮೋಸ ಮಾಡಿದವನು ಬಂದು ಕ್ಷಮೆ ಕೇಳುವುದರಲ್ಲಿ ಮುಗಿಯುತ್ತವೆ. ಜಾರ್ಜ್ ಎಲಿಯಟ್ 1861ರಲ್ಲಿ ಪ್ರಕಟಿಸಿದ ‘ಸೈಲಸ್ ಮಾರ್ನರ್’ ಕಾದಂಬರಿಯಲ್ಲಿ ಎರಡೂ ನಡೆಯುವುದಿಲ್ಲ. ಒಡೆದ ನಂಬಿಕೆ ಮತ್ತೆ ಕೂಡಿಕೊಳ್ಳುವ ಬಗೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಕಥೆಗಳು ನನ್ನ ಓದಿನಲ್ಲಿ ಬಹಳ ಕಡಿಮೆ.

ಸೈಲಸ್ ಒಬ್ಬ ನೇಕಾರ. ಲ್ಯಾಂಟರ್ನ್ ಯಾರ್ಡ್‌ನ ಸಣ್ಣ ಧಾರ್ಮಿಕ ಪಂಗಡವೇ ಅವನ ಲೋಕ, ವಿಲಿಯಂ ಡೇನ್ ಅವನ ಜೀವದ ಗೆಳೆಯ. ಆಗಾಗ ಎಚ್ಚರ ತಪ್ಪಿ ಮರಗಟ್ಟಿ ನಿಲ್ಲುವ ಕಾಯಿಲೆ ಸೈಲಸ್‌ಗಿತ್ತು. ಸಾವಿನ ಹಾಸಿಗೆಯಲ್ಲಿದ್ದ ಹಿರಿಯರೊಬ್ಬರನ್ನು ಅವನು ರಾತ್ರಿ ನೋಡಿಕೊಳ್ಳುತ್ತ ಆ ಕಾಯಿಲೆಯಿಂದ ಮೈಮರೆತಿದ್ದಾಗ ಅಲ್ಲಿದ್ದ ಪಂಗಡದ ಹಣ ಕಳುವಾಯಿತು; ಆ ಜಾಗದಲ್ಲಿ ಸಿಕ್ಕಿದ್ದು, ಹಿಂದೆ ವಿಲಿಯಂಗಾಗಿ ಪಟ್ಟಿಯೊಂದನ್ನು ಕತ್ತರಿಸಲು ಹೊರತೆಗೆದಿದ್ದ ಸೈಲಸ್‌ನದೇ ಚಾಕು. ದೇವರ ಹೆಸರಿನಲ್ಲಿ ಚೀಟಿ ಎತ್ತಿದರೆ ಅದೂ ಸೈಲಸ್‌ನನ್ನೇ ಕಳ್ಳನೆಂದಿತು. ಅವನೊಡನೆ ಮದುವೆ ನಿಶ್ಚಯವಾಗಿದ್ದ ಹುಡುಗಿ ವಿಲಿಯಂನನ್ನು ಮದುವೆಯಾದಳು. ಗೆಳೆಯ, ದೇವರು, ಹೆಣ್ಣು ಎಲ್ಲವೂ ಒಟ್ಟಿಗೆ ಕೈಬಿಟ್ಟ ಆ ಹೊತ್ತಿನಲ್ಲಿ, ರಾತ್ರಿ ನಡೆದದ್ದೇನೆಂದು ತನ್ನ ಪರವಾಗಿ ಸಾಕ್ಷಿ ಹೇಳಲು ಅವನ ಪ್ರಜ್ಞೆಯೂ ಒದಗಲಿಲ್ಲವೆಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತದೆ.

ಅಲ್ಲಿಂದ ರಾವೆಲೋ ಎಂಬ ಹಳ್ಳಿಗೆ ಬಂದು ಹದಿನೈದು ವರ್ಷ ಯಾರೊಡನೆಯೂ ಬೆರೆಯದೆ, ನೇಯ್ದು ಗಳಿಸಿದ ಚಿನ್ನದ ನಾಣ್ಯಗಳನ್ನೇ ರಾತ್ರಿ ಎಣಿಸುತ್ತ ಬದುಕುತ್ತಾನೆ. ಆ ಚಿನ್ನವೂ ಕಳುವಾದಾಗ ಊರಿನ ಹೋಟೆಲಿಗೆ ಓಡಿಹೋಗಿ, ಅಲ್ಲಿ ಕುಳಿತಿದ್ದ ಜೆಮ್ ರಾಡ್ನಿಯೇ ಕಳ್ಳನೆಂದು ಕೂಗುತ್ತಾನೆ. ನಿರಪರಾಧಿಯ ಮೇಲೆ ತಪ್ಪು ಹೊರಿಸಬೇಡವೆಂದು ಮುದುಕನೊಬ್ಬ ಹೇಳಿದ ಮಾತು ಸೈಲಸ್‌ನ ಹಳೆಯ ಗಾಯವನ್ನು ತಟ್ಟುತ್ತದೆ. ಅವನು ಅಲ್ಲೇ, ಎಲ್ಲರೆದುರು, ಆರೋಪವನ್ನು ಹಿಂತೆಗೆದುಕೊಳ್ಳುತ್ತಾನೆ. ತಾಯಿಯನ್ನು ಕಳೆದುಕೊಂಡ ಬಂಗಾರದ ಕೂದಲಿನ ಮಗು ಎಪ್ಪಿ ಅವನ ಮನೆಗೆ ಬಂದದ್ದನ್ನೇ ಕಥೆಯ ತಿರುವೆಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತನಗಾದ ಅನ್ಯಾಯವನ್ನು ಇನ್ನೊಬ್ಬನಿಗೆ ಮಾಡಲಾರೆನೆಂದು ಅವನು ತಡೆದು ನಿಂತ ಆ ಗಳಿಗೆಯಲ್ಲೇ ಅವನೊಳಗೆ ಮನುಷ್ಯರ ಬಗ್ಗೆ ಮೊದಲ ನಂಬಿಕೆ ಮೊಳೆಯಿತು, ತನ್ನ ಬಗ್ಗೆಯೂ. ಹಳ್ಳಿಯವರು ಅವನನ್ನು ತಮ್ಮವನೆಂದು ಕಾಣತೊಡಗಿದ್ದೂ ಆ ರಾತ್ರಿಯ ಬಳಿಕವೇ.

ಮುಂದಿನದು ನಿಧಾನದ ಕೆಲಸ. ಹಿಂದೆ ವಿಲಿಯಂಗೆ ಅನುಕೂಲವಾದ ಅದೇ ಕಾಯಿಲೆ ಬಂದು ಸೈಲಸ್ ಬಾಗಿಲಲ್ಲಿ ನಿಂತುಬಿಟ್ಟಿದ್ದಾಗ ಮಗು ಒಳಗೆ ಬರುತ್ತದೆ. ನೆರೆಯ ಡಾಲಿ ವಿನ್‌ತ್ರಾಪ್ ಬಟ್ಟೆ ತರುತ್ತಾಳೆ, ಮಗುವಿಗೆ ಸ್ನಾನ ಮಾಡಿಸುವುದನ್ನು ಕಲಿಸುತ್ತಾಳೆ. ಅವಳ ಸಹಾಯವನ್ನು ಸ್ವೀಕರಿಸುವುದೇ ಅವನಿಗೆ ನಂಬಿಕೆಯ ಅಭ್ಯಾಸ. ಎಪ್ಪಿಯನ್ನು ಕರೆದುಕೊಂಡು ಬಯಲಿಗೆ ಹೋದಾಗ, ತಾಯಿಯಿಂದ ಕಲಿತು ಕೈಬಿಟ್ಟಿದ್ದ ಔಷಧಿ ಸೊಪ್ಪುಗಳನ್ನು ಅವನು ಮತ್ತೆ ಹುಡುಕತೊಡಗುತ್ತಾನೆ. ತನ್ನ ತಿಳಿವಳಿಕೆಯನ್ನೇ ಅನುಮಾನಿಸುವಂತಾಗಿದ್ದ ಮನುಷ್ಯ ಅಂಗೈಯಲ್ಲಿ ಎಲೆಯಿಟ್ಟುಕೊಂಡು ಗುರುತು ಹಿಡಿಯುವ ಈ ಕೆಲವೇ ಸಾಲುಗಳು ನನಗೆ ಪುಟಗಟ್ಟಲೆ ಉಪದೇಶಕ್ಕಿಂತ ದೊಡ್ಡವು.

ಹದಿನಾರು ವರ್ಷಗಳ ನಂತರ ಹೆತ್ತ ತಂದೆ ಗಾಡ್‌ಫ್ರೇ ಕಾಸ್ ಬಂದು ಎಪ್ಪಿಯನ್ನು ಕೇಳಿದಾಗ ಸೈಲಸ್ ಮೊದಲು ಎದುರಾಡುತ್ತಾನೆ, ಆದರೆ ಕೊನೆಗೆ ತೀರ್ಮಾನವನ್ನು ಅವಳಿಗೇ ಬಿಡುತ್ತಾನೆ. ಒಮ್ಮೆ ಎಲ್ಲವನ್ನೂ ಕಳೆದುಕೊಂಡವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೇನಿತ್ತು? ಎಪ್ಪಿ ಅವನ ಬಳಿಯೇ ಉಳಿಯುತ್ತಾಳೆ.

ವಿಲಿಯಂಗೆ ಶಿಕ್ಷೆಯಾಗಲಿಲ್ಲವೆಂದು ಬೇಸರಪಡುವ ಓದುಗರಿದ್ದಾರೆ. ಸತ್ಯ ಬಯಲಾಯಿತೇ ಎಂದು ಕೇಳಲು ಸೈಲಸ್ ಲ್ಯಾಂಟರ್ನ್ ಯಾರ್ಡ್‌ಗೆ ಹೋಗುತ್ತಾನೆ. ಅಲ್ಲಿ ಈಗ ಕಾರ್ಖಾನೆಯಿದೆ, ಹಳಬರ ಸುಳಿವಿಲ್ಲ. ಅಲ್ಲಿ ಉತ್ತರ ಸಿಕ್ಕಿದ್ದರೆ ಅವನ ನಂಬಿಕೆ ವಿಲಿಯಂನ ತಪ್ಪೊಪ್ಪಿಗೆಯ ಋಣದಲ್ಲಿ ಉಳಿಯುತ್ತಿತ್ತೆಂದು ನನಗನ್ನಿಸುತ್ತದೆ. ಊರಿಗೆ ಮರಳಿದ ಅವನು, ಆ ವಿಷಯ ತನಗೆ ಕೊನೆಯವರೆಗೂ ಕತ್ತಲಲ್ಲೇ ಉಳಿಯಬಹುದೆಂದು ಒಪ್ಪಿಕೊಂಡು, ಆದರೂ ಸಾಯುವ ತನಕ ನಂಬಿಕೊಂಡೇ ಇರುತ್ತೇನೆಂದು ಡಾಲಿಗೆ ಹೇಳುತ್ತಾನೆ.