ಸೊಪ್ಪಿನ ಲೆಕ್ಕ, ಬೋರ್ಡಿನ ಲೆಕ್ಕ

ಭಾನುವಾರದ ಸಂತೆಯಲ್ಲಿ ನನ್ನ ಐದನೇ ತರಗತಿಯ ಹುಡುಗನೊಬ್ಬ ಅಮ್ಮನ ಪಕ್ಕ ಕೂತು ಸೊಪ್ಪು ಮಾರುತ್ತಿದ್ದ. ನನ್ನ ಮುಂದಿದ್ದವರು ಏಳು ಕಟ್ಟು ದಂಟು ತಗೊಂಡರು. ಕಟ್ಟಿಗೆ 15 ರೂಪಾಯಿ. "ಎರಡಕ್ಕೆ ಮೂವತ್ತು, ನಾಕಕ್ಕೆ ಅರವತ್ತು, ಆರಕ್ಕೆ ತೊಂಬತ್ತು, ಇನ್ನೊಂದು ಹದಿನೈದು, ನೂರೈದು" ಅಂದ. ಇನ್ನೂರರ ನೋಟು ತಗೊಂಡು ತೊಂಬತ್ತೈದು ಎಣಿಸಿ ಕೊಟ್ಟ.

ಸೋಮವಾರ ಅವನಿಗೇ ಬೋರ್ಡಿನ ಮೇಲೆ 15 × 7 ಬರೆದು ಕೊಟ್ಟೆ. ಏಳೈದ್ಲಿ ಮೂವತ್ತೈದು ಅಂತ 35 ಬರೆದ. 3 ದಶಕ ಮೇಲಿಡುವುದು ಮರೆತ. ಏಳೊಂದ್ಲಿ ಏಳು ಅಂತ ಪಕ್ಕಕ್ಕೆ 7 ಬರೆದ. 735! ಸ್ವಲ್ಪವೂ ಅನುಮಾನ ಇಲ್ಲದೆ ಚಾಕ್‌ಪೀಸ್ ಇಟ್ಟು ಹೋಗಿ ಕೂತ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಮಕ್ಕಳನ್ನು ನಾವು ಹೀಗೆ ಲೆಕ್ಕದಲ್ಲಿ ದಡ್ಡರು ಅಂತ ಬರೆದುಬಿಟ್ಟಿದ್ದೇವೋ.

ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಬಗ್ಗೆ ಸಂಶೋಧಕಿ ತೆರೆಜಿನ್ಯಾ ನೂನೆಸ್ ಮತ್ತು ಇಬ್ಬರು ಸಂಗಡಿಗರು 1985ರಲ್ಲೇ ಇದನ್ನು ಬರೆದಿದ್ದಾರೆ. ವ್ಯಾಪಾರದ ನಡುವೆ ಕೇಳಿದಾಗ ನೂರಕ್ಕೆ 98 ಲೆಕ್ಕ ಸರಿ. ಕಥೆಯ ರೂಪದಲ್ಲಿ ಕೊಟ್ಟಾಗ 74. ಬರೀ ಅಂಕಿ ಕೊಟ್ಟಾಗ 37. 2025ರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರ್ಕೆಟ್‌ಗಳಲ್ಲಿ ದುಡಿಯುವ 1,400ಕ್ಕೂ ಜಾಸ್ತಿ ಮಕ್ಕಳಲ್ಲಿ ಇದನ್ನೇ ಕಂಡರು. ನನಗೆ ಚುಚ್ಚಿದ್ದು ಅದರ ಇನ್ನೊಂದು ಮಗ್ಗುಲು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಇವರಿಗಿಂತ ಚೆನ್ನಾಗಿ ಮಾಡಿದರು, ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ತಾನಾಗೇ ಬರುತ್ತೆ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಬರಲ್ಲ. ಇದೂ ಅದೂ ಒಂದೇ ಅಂತ ಮಗುವಿಗೆ ಕಾಣಬೇಕು. ಕಾಣಿಸುವುದೂ ಪಾಠದ ಕೆಲಸವೇ ಅಲ್ವಾ?

ಮಂಗಳವಾರ ಮತ್ತೆ 735 ಬರೆದು ಅವನನ್ನು ಕರೆದೆ. "ಏಳು ಕಟ್ಟಿಗೆ ಇಷ್ಟು ಕೇಳಿದ್ರೆ ಯಾರಾದ್ರೂ ಕೊಡ್ತಾರೇನೋ?" ಅಂದೆ. ಕಣ್ಣರಳಿಸಿ ಬೋರ್ಡು ನೋಡಿದ. "ಅದು ಸೊಪ್ಪಿಂದಾ ಮಿಸ್?" ಅಂದ.

ಅವನು ಬಾಯಲ್ಲಿ ಹೇಳಿದ್ದನ್ನೆಲ್ಲ ಸಾಲಾಗಿ ಬರೆದೆ. ಪಕ್ಕದಲ್ಲಿ ಹತ್ತೇಳು ಎಪ್ಪತ್ತು, ಐದೇಳು ಮೂವತ್ತೈದು. ಅದರ ಪಕ್ಕ ಪುಸ್ತಕದ ಕ್ರಮ. ಮರೆತ 3 ದಶಕ ಎಲ್ಲಿ ಹೋಯ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ನಿಂತು ನೋಡಿ, "ಮೂವತ್ರೂಪಾಯಿ ಮಿಸ್, ಎರಡು ಕಟ್ಟಿನ ದುಡ್ಡು" ಅಂದ.

ನಮ್ಮ ಶಾಲೆಗಳಲ್ಲಿ ಮಕ್ಕಳೇ ಅಂಗಡಿ ಇಟ್ಟು ವ್ಯಾಪಾರ ಮಾಡುವ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಮಾಡುತ್ತೇವೆ. ಒಳ್ಳೆಯ ಕೆಲಸ. ಆದರೆ ಫೋಟೋ ತೆಗೆದು, ಊಟ ಮಾಡಿ, ಮಾರನೇ ದಿನ ಪುಸ್ತಕದ ಮುಂದಿನ ಪುಟ ತೆರೆಯುತ್ತೇವೆ. ಮಕ್ಕಳು ಅಂಗಡಿಯಲ್ಲಿ ಮಾಡಿದ ಲೆಕ್ಕ ಬೋರ್ಡಿಗೆ ಬರುವುದೇ ಇಲ್ಲ. ಬರಲೇಬೇಕು ಅಂತ ನನ್ನ ಜೊತೆಯ ಶಿಕ್ಷಕರನ್ನೆಲ್ಲ ಕೇಳಿಕೊಳ್ಳುತ್ತೇನೆ.

ನನ್ನ ತರಗತಿಯಲ್ಲಿ ಹತ್ತಕ್ಕೆ ಹತ್ತು ತೆಗೆಯುವ ಹುಡುಗಿಯೊಬ್ಬಳಿದ್ದಾಳೆ. ಚಿಲ್ಲರೆ ಕೊಡಬೇಕಾದರೆ ಗಾಬರಿ ಆಗುತ್ತಾಳೆ. ಈ ಸಲದ ಮೇಳದಲ್ಲಿ ಅವಳನ್ನೂ ಈ ಹುಡುಗನನ್ನೂ ಒಂದೇ ಅಂಗಡಿಯಲ್ಲಿ ಕೂರಿಸುತ್ತೇನೆ. ಬೆಳಿಗ್ಗೆ ಅವನು ಬಾಯಲ್ಲಿ ಹೇಳಲಿ, ಅವಳು ಬರೆದುಕೊಳ್ಳಲಿ. ಊಟ ಆದಮೇಲೆ ಅದಲು ಬದಲು.