ಬಂಡೆಯೊಳಗೆ ಎಲ್ಫ್ ಇದೆ ಅಂದರೆ ರಸ್ತೆ ತಿರುಗಿಸಬೇಕಾ?

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ಪಕ್ಕದಲ್ಲಿ ಕೋಪವೋಗುರ್ ಅಂತ ಒಂದು ಊರಿದೆ. ಅಲ್ಲಿನ ಒಂದು ರಸ್ತೆ ಒಂದು ಕಡೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ, ಯಾಕಂದರೆ ಅಂಚಿನಲ್ಲಿ ಒಂದು ಕಲ್ಲುಗುಡ್ಡೆ ಇದೆ, ಆ ಗುಡ್ಡೆಯೊಳಗೆ ಎಲ್ಫ್‌ಗಳು, ಅಂದರೆ ಜನಪದ ಕಥೆಗಳಲ್ಲಿ ಬರುವ ಕಣ್ಣಿಗೆ ಕಾಣದ ಜೀವಿಗಳು, ಸಂಸಾರ ಹೂಡಿವೆ ಅಂತ ಜನ ಹೇಳುತ್ತಾರೆ. 1930ರ ದಶಕದಲ್ಲಿ ಅದನ್ನು ಒಡೆಯಲು ಹೊರಟಾಗ ದುಡ್ಡು ಮುಗಿಯಿತಂತೆ. 1980ರ ದಶಕದಲ್ಲಿ ಮತ್ತೆ ಕೈ ಹಾಕಿದಾಗ ಡ್ರಿಲ್ ಮುರಿಯಿತಂತೆ. ಗುಡ್ಡೆ ಇವತ್ತಿಗೂ ಅಲ್ಲೇ ಇದೆ, ವಾಹನಗಳೇ ಸರಿದುಕೊಂಡು ಹೋಗುತ್ತವೆ.

ಇದು ಬರೀ ಐಸ್‌ಲ್ಯಾಂಡಿನ ಕಥೆಯಲ್ಲ. ಐರ್ಲೆಂಡಿನಲ್ಲಿ ಎಲ್ಫ್‌ಗಳಂಥವೇ ಆದ ಫೇರಿಗಳು, ನ್ಯೂಜಿಲೆಂಡಿನಲ್ಲಿ ತನಿಫಾ ಅನ್ನುವ ನೀರಿನ ಜೀವಿ, ಜಪಾನಿನಲ್ಲಿ ಸಿಟ್ಟಾದ ಆತ್ಮ ಹೀಗೇ ಸರ್ಕಾರಿ ನಕ್ಷೆಗೆ ಅಡ್ಡ ನಿಂತಿವೆ. ಆಗ ಸರ್ಕಾರ ಬಗ್ಗಬೇಕಾ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ತಿರುಗಿಸಲಿ, ಏನು ಗಂಟು ಹೋಗುತ್ತದೆ?

ಬಂಡೆಯೊಳಗೆ ನಿಜವಾಗಲೂ ಯಾರಾದರೂ ಇದ್ದಾರಾ ಅನ್ನುವ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡಿ. ರಸ್ತೆ ಇಲಾಖೆಗೆ ಅದು ಬೇಕಾಗಿಯೇ ಇಲ್ಲ. ಸ್ಮಶಾನದ ಪಕ್ಕ ರಸ್ತೆ ಬಂದಾಗ ಆತ್ಮ ಅನ್ನುವುದು ಇದೆಯಾ ಅಂತ ಯಾವ ಇಂಜಿನಿಯರೂ ಪರೀಕ್ಷೆ ಮಾಡುವುದಿಲ್ಲ. ಚರ್ಚು, ದರ್ಗಾ, ಗುಡಿ ಎದುರಾದರೆ ಒಳಗಿರುವವರ ಗುರುತಿನ ಚೀಟಿ ಕೇಳುವುದಿಲ್ಲ. ಇಲ್ಲಿ ಜನರಿಗೆ ಏನೋ ಮುಖ್ಯವಾದದ್ದಿದೆ ಅಂತ ಸುಮ್ನೆ ಬಳಸಿಕೊಂಡು ಹೋಗುತ್ತಾರೆ. ದೊಡ್ಡ ಧರ್ಮಗಳಿಗೆ ಸಿಗುವ ಈ ಮರ್ಯಾದೆ ಒಂದು ಹಳ್ಳಿಯ ಕಲ್ಲಿಗೆ, ಒಂದು ಮುಳ್ಳುಗಿಡಕ್ಕೆ ಯಾಕೆ ಸಿಗಬಾರದು? ಪುರೋಹಿತರಿಲ್ಲ, ಟ್ರಸ್ಟ್ ಇಲ್ಲ, ವಕೀಲರಿಲ್ಲ ಅಂತಲಾ?

ಮುಳ್ಳುಗಿಡದ ಮಾತು ಸುಮ್ಮನೆ ತೆಗೆದದ್ದಲ್ಲ. ಐರ್ಲೆಂಡಿನ ಕ್ಲೇರ್ ಕೌಂಟಿಯ ಲಾಟೂನ್ ಅನ್ನುವಲ್ಲಿ ಒಂದು ಹಾಥಾರ್ನ್ ಗಿಡ ಇದೆ. 1999ರಲ್ಲಿ ಹೊಸ ಹೆದ್ದಾರಿ ಸರಿಯಾಗಿ ಅದರ ಮೇಲೆ ಹಾದುಹೋಗುವುದಿತ್ತು. ಎಡ್ಡಿ ಲೆನಿಹನ್ ಅನ್ನುವ ಕಥೆಗಾರರು, ಊರೂರು ಸುತ್ತಿ ಹಳಬರಿಂದ ಫೇರಿ ಕಥೆಗಳನ್ನು ಕೇಳಿ ಕೂಡಿಟ್ಟವರು, ಪತ್ರಿಕೆಗಳಿಗೆ ಬರೆದು ಗಲಾಟೆ ಎಬ್ಬಿಸಿದರು. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕಾನಾಟ್ ಪ್ರಾಂತ್ಯದ ಫೇರಿಗಳ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ಸೇರುವ ಜಾಗ ಇದು, ಕಡಿದರೆ ಆ ರಸ್ತೆಯಲ್ಲಿ ಅಪಘಾತಗಳಾಗುತ್ತವೆ ಅಂತ ಎಚ್ಚರಿಸಿದರು. ನಗುವವರು ನಕ್ಕರು. ಆದರೆ ಗಿಡ ಉಳಿಯಿತು, ಬೇಲಿ ಹಾಕಿದರು, ಹೆದ್ದಾರಿ ಪಕ್ಕದಲ್ಲಿ ಹೋಯಿತು. 2002ರಲ್ಲಿ ಯಾರೋ ರಾತ್ರೋರಾತ್ರಿ ಯಂತ್ರದ ಗರಗಸ ತಂದು ಕೊಂಬೆಗಳನ್ನೆಲ್ಲ ಕಡಿದು ಬರೀ ಕಾಂಡ ಬಿಟ್ಟರು. ಗಿಡ ಮತ್ತೆ ಚಿಗುರಿತು. ಇದರಿಂದ ಐರ್ಲೆಂಡಿನ ಬೊಕ್ಕಸ ಬರಿದಾಯಿತಾ? ಇಲ್ಲ ಅಲ್ವಾ.

ಭಯ ಕೆಲಸಕ್ಕೆ ಬಾರದ ವಸ್ತು ಅಂತ ನಾವು ಓದಿದವರು ಅಂದುಕೊಂಡಿದ್ದೇವೆ. ಐರ್ಲೆಂಡಿನ ಹೊಲಗಳ ನಡುವೆ ಗುಂಡಗೆ ಮಣ್ಣಿನ ಏರಿ ಕಟ್ಟಿದ ಹಳೆಯ ನೆಲೆಗಳಿವೆ, ಸಾವಿರ ವರ್ಷಕ್ಕೂ ಹಿಂದೆ ರೈತ ಕುಟುಂಬಗಳು ದನಕರು ಸಮೇತ ಬದುಕಿದ್ದ ಜಾಗಗಳು. ಇಂಥವು 40,000ಕ್ಕೂ ಜಾಸ್ತಿ ದಾಖಲಾಗಿವೆ. ಹೊಲದ ನಟ್ಟನಡುವೆ ಇರುವ ಏರಿಯನ್ನು ಯಾವ ರೈತನಾದರೂ ಉತ್ತು ಸಮ ಮಾಡಬೇಕಿತ್ತು. ಮಾಡಲಿಲ್ಲ. ಯಾಕಂದರೆ ಅದು ಫೇರಿಗಳ ಕೋಟೆ, ಮುಟ್ಟಿದರೆ ದನ ಸಾಯುತ್ತದೆ, ಮನೆಯಲ್ಲಿ ಕಾಯಿಲೆ ಬರುತ್ತದೆ ಅನ್ನುವ ಹೆದರಿಕೆ. ಪುರಾತತ್ವ ಇಲಾಖೆ ಹುಟ್ಟುವ ಎಷ್ಟೋ ಮುಂಚೆ ಪುರಾತತ್ವ ಇಲಾಖೆಯ ಕೆಲಸ ಮಾಡಿದ್ದು ಈ ಹೆದರಿಕೆಯೇ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಅಂದರೆ ಅದರ ಹಿಂದೆಯೂ ಇಂಥದ್ದೇ ಕಾರಣ ಇದೆ, ಅರಣ್ಯ ಇಲಾಖೆಯ ಬೋರ್ಡು ಅಲ್ಲ.

ನ್ಯೂಜಿಲೆಂಡಿಗೆ ಬನ್ನಿ. 2002ರಲ್ಲಿ ವೈಕಾಟೋ ಎಕ್ಸ್‌ಪ್ರೆಸ್‌ವೇ ಕೆಲಸ ಮೆರೆಮೆರೆ ಹತ್ತಿರ ನಿಂತುಹೋಯಿತು. ಅಲ್ಲಿನ ಜೌಗಿನಲ್ಲಿ ಕರುತಾಹಿ ಅನ್ನುವ ತನಿಫಾ ವಾಸವಿದೆ ಅಂತ ಅಲ್ಲಿನ ಮೂಲನಿವಾಸಿ ಮಾವೋರಿಗಳಲ್ಲಿ ಒಂದು ಪಂಗಡವಾದ ನ್ಗಾಟಿ ನಾಹೋ ಜನ ಹೇಳಿದರು. ತನಿಫಾ ಅಂದರೆ ನೀರಲ್ಲಿರುವ ಜೀವಿ, ಕೆಲವು ಕಡೆ ಕಾಪಾಡುತ್ತದೆ, ಕೆಲವು ಕಡೆ ನುಂಗುತ್ತದೆ. ಪೇಪರಿನವರು ಗೇಲಿ ಮಾಡಿದರು, ಆದರೆ ರಸ್ತೆ ಸಂಸ್ಥೆಯವರು ಕೂತು ಮಾತಾಡಿ, ಜೌಗಿನ ಒಂದು ಭಾಗ ಉಳಿಯುವ ಹಾಗೆ ವಿನ್ಯಾಸ ಸ್ವಲ್ಪ ಬದಲಿಸಿ ಕೆಲಸ ಮುಂದುವರಿಸಿದರು. ತನಿಫಾ ಇದೆ ಅನ್ನುವ ಜಾಗಗಳನ್ನು ಗಮನಿಸಿ. ನದಿ ತಿರುಗುವ ಕಡೆ, ಸುಳಿ ಇರುವ ಮಡು, ಪ್ರವಾಹ ಬಂದಾಗ ಮುಳುಗುವ ತಗ್ಗು, ಹೀಗೆ ನೀರು ಮೋಸ ಮಾಡುವ ಕಡೆಗಳೇ ಜಾಸ್ತಿ. ಅಕ್ಷರ ಇಲ್ಲದ ಕಾಲದಲ್ಲಿ ಆ ಎಚ್ಚರಿಕೆಯನ್ನು ಮೊಮ್ಮಕ್ಕಳ ತನಕ ತಲುಪಿಸಲು ಕಥೆಗಿಂತ ಒಳ್ಳೆಯ ದಾರಿ ಇತ್ತಾ? ಇಂಜಿನಿಯರು ತನಿಫಾವನ್ನು ನಂಬಬೇಕಾಗಿಲ್ಲ. ಇಲ್ಲಿ ಯಾಕೆ ತನಿಫಾ ಇದೆ ಅಂತ ಅಂದಿರಿ ಅಂತ ಒಂದು ಮಾತು ಕೇಳಿದರೂ ಸಾಕು, ಮಣ್ಣು ಪರೀಕ್ಷೆಗೆ ಒಂದು ಸುಳಿವು ಸಿಕ್ಕ ಹಾಗೆ.

ಟೋಕಿಯೋದವರು ಹಳ್ಳಿ ಮುಕ್ಕರೇನಲ್ಲವಲ್ಲ. ಆ ನಗರದ ಒತೆಮಾಚಿ ಅನ್ನುವ ಕಡೆ ಬ್ಯಾಂಕು, ಕಂಪನಿಗಳ ಗಗನಚುಂಬಿ ಕಟ್ಟಡಗಳ ಮಧ್ಯೆ ಒಂದು ಪುಟ್ಟ ಸಮಾಧಿ ಇದೆ. 940ರಲ್ಲಿ ದಂಗೆಯೆದ್ದು ಸತ್ತ ತೈರಾ ನೊ ಮಸಕಾದೊ ಅನ್ನುವ ಯೋಧನ ತಲೆ ಅಲ್ಲಿದೆ ಅನ್ನುತ್ತಾರೆ. 1923ರ ಭೂಕಂಪದ ನಂತರ ಹಣಕಾಸು ಇಲಾಖೆ ಆ ಜಾಗದ ಮೇಲೆ ತಾತ್ಕಾಲಿಕ ಕಟ್ಟಡ ಎಬ್ಬಿಸಿತು. ಮಂತ್ರಿ ಸತ್ತರು, ಅಧಿಕಾರಿಗಳೂ ಸತ್ತರು, ಮಸಕಾದೊನ ಆತ್ಮ ಸಿಟ್ಟಾಗಿದೆ ಅನ್ನುವ ಗುಸುಗುಸು ಜಾಸ್ತಿಯಾಯಿತು, ಕೊನೆಗೆ ಕಟ್ಟಡ ತೆಗೆದು ಶಾಂತಿ ಮಾಡಿಸಿದರು. ದೇಶದಲ್ಲೇ ಅತಿ ದುಬಾರಿ ನೆಲಗಳಲ್ಲಿ ಒಂದು ಅದು. ಅಷ್ಟು ಜಾಗ ಒಂದು ಕಥೆಗೆ ಬಿಟ್ಟುಕೊಟ್ಟು ಜಪಾನ್ ಮುಳುಗಿ ಹೋಗಿಲ್ಲ.

ವಿರೋಧ: ಕಥೆ ಕೇಳೋಣ, ನಕ್ಷೆ ಮುಟ್ಟೋದು ಬೇಡ

ಕಥೆಗಳು ಚೆನ್ನಾಗಿವೆ, ನನಗೂ ಇಷ್ಟ. ಆದರೆ ಪರವಾಗಿ ಮಾತಾಡುವವರು ಫೇರಿ ಕಥೆಯ ಒಂದೇ ಪುಟ ಓದುತ್ತಾರೆ. ಗಿಡ ಉಳಿಸಿದ ಫೇರಿ ನೆನಪಿರುತ್ತದೆ, ಬ್ರಿಜೆಟ್ ಕ್ಲಿಯರಿಯನ್ನು ಸುಟ್ಟ ಫೇರಿ ಮರೆತುಹೋಗುತ್ತದೆ.

ಬ್ರಿಜೆಟ್ ಐರ್ಲೆಂಡಿನ ಟಿಪರೇರಿ ಕೌಂಟಿಯ ಬ್ಯಾಲಿವಾಡ್ಲಿಯವಳು. ವಯಸ್ಸು 26. ಬಟ್ಟೆ ಹೊಲಿಯುತ್ತಿದ್ದಳು, ಸ್ವಂತ ಹೊಲಿಗೆ ಯಂತ್ರ ಇತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. 1895ರ ಮಾರ್ಚಿನಲ್ಲಿ ಕಾಯಿಲೆ ಬಿದ್ದಳು. ಗಂಡ ಮೈಕೆಲ್‌ಗೆ ಒಂದು ಅನುಮಾನ ಹತ್ತಿತು: ಮಲಗಿರುವವಳು ನನ್ನ ಹೆಂಡತಿಯಲ್ಲ, ಫೇರಿಗಳು ಅವಳನ್ನು ಎತ್ತಿಕೊಂಡು ಹೋಗಿ ಅವಳ ರೂಪದಲ್ಲಿ ಇನ್ನೊಂದನ್ನು ಬಿಟ್ಟಿವೆ. ಡಾಕ್ಟರೂ ಬಂದಿದ್ದರು, ಪಾದ್ರಿಯೂ ಬಂದಿದ್ದರು, ಆದರೆ ಅವನು ನಂಬಿದ್ದು ಫೇರಿ ಮದ್ದು ಕೊಡುವವನನ್ನು. ಬಾಯಿಗೆ ಬಲವಂತವಾಗಿ ಸೊಪ್ಪಿನ ಮದ್ದು ಸುರಿದರು, ಒಲೆಯ ಬೆಂಕಿಯ ಮೇಲೆ ಹಿಡಿದರು, ನೀನು ಬ್ರಿಜೆಟ್ ಹೌದಾ ಹೇಳು ಅಂತ ಮತ್ತೆ ಮತ್ತೆ ಕೇಳಿದರು. ತಂದೆ, ಸೋದರ ಸಂಬಂಧಿಗಳು ಅಲ್ಲೇ ಇದ್ದರು. ಮಾರನೇ ರಾತ್ರಿ ಅವಳು ಸುಟ್ಟು ಸತ್ತಳು. ಅದಾದ ಮೇಲೆ ಗಂಡ ಹತ್ತಿರದ ಫೇರಿ ಕೋಟೆಯ ಹತ್ತಿರ ಹೋಗಿ ಕಾದು ಕೂತ, ನಿಜವಾದ ಹೆಂಡತಿ ಬಿಳಿ ಕುದುರೆ ಏರಿ ಬರುತ್ತಾಳೆ ಅಂತ. ಕೋರ್ಟು ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು, 15 ವರ್ಷಕ್ಕೆ ಹೊರಗೆ ಬಂದ.

ಫೇರಿ ಕೋಟೆ, ಪರವಾದಿಗಳು ಕೊಂಡಾಡಿದರಲ್ಲ, ಅದೇ ಕೋಟೆ. ಹೊಲದ ಏರಿಯನ್ನು ಉಳಿಸಿದ ಹೆದರಿಕೆಯೂ ಈ ಹೆಂಗಸನ್ನು ಸುಟ್ಟ ಹೆದರಿಕೆಯೂ ಬೇರೆ ಬೇರೆ ಅಲ್ಲ. ಒಳ್ಳೆಯ ಅರ್ಧ ಇಟ್ಟುಕೊಂಡು ಕೆಟ್ಟ ಅರ್ಧ ಬಿಸಾಡುತ್ತೇವೆ ಅನ್ನಬಹುದು. ಮನೆಯಲ್ಲಿ ಬೇಕಾದರೆ ಹಾಗೆ ಮಾಡಿಕೊಳ್ಳಿ. ಸರ್ಕಾರ ಹಾಗೆ ಆರಿಸಲು ಹೊರಟರೆ ಏನಾಗುತ್ತದೆ ಅಂತ ಪಪುವಾ ನ್ಯೂಗಿನಿ ತೋರಿಸಿದೆ. ಅಲ್ಲಿ 1971ರ ಒಂದು ಕಾನೂನು ಮಾಟಮಂತ್ರವನ್ನು ನಿಜ ಅಂತಲೇ ಒಪ್ಪಿಕೊಂಡು ನಿಯಮ ಮಾಡಿತ್ತು. ಉದ್ದೇಶ ಒಳ್ಳೆಯದೇ, ಜನರ ಭಯಕ್ಕೆ ಸರ್ಕಾರ ಕಿವಿಗೊಡಲಿ ಅಂತ. ಆದರೆ ಅವಳು ಮಾಟ ಮಾಡಿದಳು, ಅದಕ್ಕೇ ಕೊಂದೆ ಅಂದವನಿಗೆ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು ದಾರಿ ಸಿಕ್ಕಿತು. 2013ರಲ್ಲಿ ಮೌಂಟ್ ಹೇಗನ್ ಪಟ್ಟಣದಲ್ಲಿ ಒಬ್ಬ ಯುವತಿಯನ್ನು ಮಾಟಗಾತಿ ಅಂತ ಜನರ ಮುಂದೆಯೇ ಸುಟ್ಟರು. ಆ ವರ್ಷವೇ ಕಾನೂನು ರದ್ದಾಯಿತು. ಎಲ್ಫ್‌ಗೂ ಇದಕ್ಕೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ಕಾಣದ ಜೀವಿಯನ್ನು ಸರ್ಕಾರಿ ಕಾಗದದಲ್ಲಿ ಒಂದು ಪಕ್ಷ ಮಾಡಿದರೆ ಅದರ ಪರವಾಗಿ ಮಾತಾಡಲು ಯಾರೋ ಒಬ್ಬರು ಬರಲೇಬೇಕು, ಆ ಒಬ್ಬರು ಯಾರು ಅನ್ನುವುದೇ ನನ್ನ ತಕರಾರು.

ಐಸ್‌ಲ್ಯಾಂಡಿನಲ್ಲಿ ಆ ಒಬ್ಬರು ಬಂದೇ ಬಂದರು. ಆರ್ನಿ ಯೋನ್ಸೆನ್ ಅನ್ನುವ ಸಂಸದರ ಕಾರು 2010ರಲ್ಲಿ ಉರುಳಿತು, ಅವರು ಬದುಕಿಕೊಂಡರು, ಪಕ್ಕದ ಬಂಡೆಯ ಎಲ್ಫ್‌ಗಳೇ ಕಾಪಾಡಿದ್ದು ಅಂತ ನಂಬಿದರು. 2012ರಲ್ಲಿ ಸುಮಾರು 30 ಟನ್ನಿನ ಆ ಬಂಡೆಯನ್ನು ಹಡಗಿಗೆ ಹತ್ತಿಸಿ ದ್ವೀಪದಲ್ಲಿರುವ ತಮ್ಮ ಮನೆಯ ಹತ್ತಿರ ಸಾಗಿಸಿದರು. ಎಲ್ಫ್‌ಗಳು ಕಾಣುತ್ತವೆ ಅನ್ನುವ ಮಹಿಳೆಯೊಬ್ಬರು ನೋಡಿ, ಒಳಗೆ ಮೂರು ತಲೆಮಾರಿನ ಸಂಸಾರ ಇದೆ ಅಂದಿದ್ದರು. ಚೆನ್ನಾಗಿದೆ, ಅವರ ಬಂಡೆ, ಅವರ ಇಷ್ಟ. ಆದರೆ ಇದೇ ಮಾತು ನಾಳೆ ಆಸ್ಪತ್ರೆಗೆ ಹೋಗುವ ರಸ್ತೆಗೆ ಬಂದರೆ? ಸಂಸಾರ ಒಪ್ಪಿದೆ, ಒಪ್ಪಿಲ್ಲ ಅಂತ ಹೇಳುವವರ ಮಾತನ್ನು ಯಾರು ಪರಿಶೀಲಿಸಬೇಕು? ಮೇಲ್ಮನವಿ ಎಲ್ಲಿ ಸಲ್ಲಿಸಬೇಕು? ಸ್ಮಶಾನದ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಸ್ಮಶಾನದಲ್ಲಿ ಹೂಳಿದವರ ಹೆಸರಿದೆ, ದಾಖಲೆ ಇದೆ, ಮಕ್ಕಳು ಮೊಮ್ಮಕ್ಕಳು ಬದುಕಿದ್ದಾರೆ.

ಇನ್ನು ಪರಿಸರ. ಎಲ್ಫ್ ಹೆಸರಲ್ಲಾದರೂ ನೆಲ ಉಳಿಯುತ್ತದಲ್ಲ ಅನ್ನುವವರು ಗಾಲ್ಗಾಹ್ರೌನ್ ಕಥೆ ಕೇಳಬೇಕು. ರೇಕ್ಯಾವಿಕ್ ಹತ್ತಿರದ ಲಾವಾ ನೆಲ ಅದು, ಪಾಚಿ ಹೊದ್ದ ಬಂಡೆಗಳು, ಐಸ್‌ಲ್ಯಾಂಡಿನ ದೊಡ್ಡ ಚಿತ್ರಕಾರ ಕ್ಯಾರ್ವಾಲ್ ಕೂತು ಚಿತ್ರ ಬರೆದ ಜಾಗ. ಅಲ್ಲಿ ರಸ್ತೆ ಬರುತ್ತದೆ ಅಂದಾಗ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 2013ರ ಅಕ್ಟೋಬರಿನಲ್ಲಿ ಯಂತ್ರಗಳ ಮುಂದೆ ಕೂತವರನ್ನು ಪೊಲೀಸರು ಹೊತ್ತುಕೊಂಡು ಹೋದರು, 20ಕ್ಕೂ ಹೆಚ್ಚು ಜನರ ಬಂಧನವಾಯಿತು, ಅವರಲ್ಲಿ ದೇಶಕ್ಕೆಲ್ಲ ಗೊತ್ತಿರುವ ವಯಸ್ಸಾದ ಪತ್ರಕರ್ತ ಓಮಾರ್ ರಾಗ್ನಾರ್‌ಸನ್ ಕೂಡ ಇದ್ದರು. ಆದರೆ ಹೊರದೇಶದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದೇನು? ಎಲ್ಫ್‌ಗಳಿಂದ ರಸ್ತೆ ಕೆಲಸಕ್ಕೆ ತಡೆ. ಲಾವಾ, ಕಾನೂನು, ಬಂಧನ ಎಲ್ಲ ಕೆಳಗೆ ಸರಿದು ಓದುಗರಿಗೆ ಒಂದು ನಗೆ ಸುದ್ದಿ ಸಿಕ್ಕಿತು. ನನ್ನನ್ನು ಕೇಳಿದರೆ ಎಲ್ಫ್ ಆ ಹೋರಾಟಕ್ಕೆ ಮಾಡಿದ್ದು ಅಪಕಾರವೇ. ಕೊನೆಗೆ ರಸ್ತೆ ಬಂತು. 2015ರಲ್ಲಿ ಎಲ್ಫ್‌ಗಳ ಚರ್ಚು ಅನ್ನುವ ಸುಮಾರು 70 ಟನ್ನಿನ ಬಂಡೆಯನ್ನು ಕ್ರೇನಿನಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಕಥೆಗೆ ಮರ್ಯಾದೆ ಸಿಕ್ಕಿತು, ಲಾವಾ ನೆಲದ ಮೇಲೆ ಡಾಂಬರು ಬಿತ್ತು.

ನಂಬಿಕೆ ಕಾಡು ಕಾಯುತ್ತದೆ ಅನ್ನುವ ಮಾತನ್ನು ದಕ್ಷಿಣ ಕನ್ನಡ, ಉಡುಪಿ ಕಡೆ ಓಡಾಡಿದವರು ಸ್ವಲ್ಪ ನಿಧಾನವಾಗಿ ಹೇಳುತ್ತಾರೆ. ನಾಗನ ಮೇಲಿನ ಭಯಭಕ್ತಿ ಅಲ್ಲಿ ಒಂದು ಚೂರೂ ಕಡಿಮೆಯಾಗಿಲ್ಲ. ಆದರೂ ಎಷ್ಟೋ ನಾಗಬನಗಳಲ್ಲಿ ಮರ ಬಳ್ಳಿ ಹೋಗಿ ಸಿಮೆಂಟು ಕಟ್ಟೆ, ಗ್ರಾನೈಟು, ಸುತ್ತ ಸ್ಟೀಲ್ ಬೇಲಿ ಬಂದಿದೆ. ನಾಗನ ಕಲ್ಲು ಭದ್ರ, ಬನ ಮಾಯ. ಐರ್ಲೆಂಡಿನಲ್ಲೂ ಅಷ್ಟೇ, ಬುಲ್ಡೋಜರ್ ಸುಲಭಕ್ಕೆ ಸಿಗುವಂತಾದ ಮೇಲೆ ಬಹಳಷ್ಟು ಫೇರಿ ಕೋಟೆಗಳು ನೆಲಸಮವಾದವು. ಉಳಿದವನ್ನು ಈಗ ಕಾಯುತ್ತಿರುವುದು 1930ರಿಂದ ಬಂದ ಸ್ಮಾರಕ ಕಾನೂನು. ಭಯ ಕರಗುತ್ತದೆ, ಇಲ್ಲವೇ ಬೇರೆ ರೂಪ ತಾಳುತ್ತದೆ, ಅದನ್ನು ನೆಚ್ಚಿಕೊಂಡು ಪರಿಸರ ನೀತಿ ಮಾಡಲಾಗುವುದಿಲ್ಲ.

ತನಿಫಾ ವಿಷಯದಲ್ಲಿ ಮಾತ್ರ ಅರ್ಧ ಒಪ್ಪುತ್ತೇನೆ. ಮಾವೋರಿಗಳು ನೆಲ ಕಳೆದುಕೊಂಡ ಜನ, ಅವರ ಜೊತೆ ಕೂತು ಮಾತಾಡುವುದು ಸರ್ಕಾರದ ಕರ್ತವ್ಯ. ಆದರೆ ಅದಕ್ಕೆ ಕಾರಣ ಆ ನೆಲದ ಮೇಲೆ ಅವರಿಗಿರುವ ಹಕ್ಕು. ಜೌಗಿನಲ್ಲಿ ಯಾವ ತನಿಫಾ ಇಲ್ಲದಿದ್ದರೂ ಅವರನ್ನು ಕೇಳಲೇಬೇಕಿತ್ತು.

ಐಸ್‌ಲ್ಯಾಂಡಿನವರೇ ಮಾಡಿಕೊಂಡ ಒಂದು ನಿಯಮ ನನಗೆ ಹಿಡಿಸುತ್ತದೆ. ಜನಪದ ನಂಬಿಕೆಗೆ ಸೇರಿದ ಜಾಗ 100 ವರ್ಷಕ್ಕಿಂತ ಹಳೆಯದಾಗಿದ್ದರೆ ಅದನ್ನು ಪರಂಪರೆಯ ತಾಣ ಅಂತ ಅವರ ಕಾನೂನು ಕಾಪಾಡುತ್ತದೆ. 2015ರಲ್ಲಿ ಸಿಗ್ಲುಫ್ಯೋರ್ದುರ್ ಊರಿನ ಹತ್ತಿರ ಗುಡ್ಡ ಜರಿದಾಗ ಎಲ್ಫ್ ಹೆಂಗಸಿನ ಕಲ್ಲು ಅಂತ ಹೆಸರಾದ ಒಂದು ಬಂಡೆ ರಸ್ತೆಯವರು ತೆಗೆದು ಹಾಕಿದ ಮಣ್ಣಿನಡಿ ಹೂತುಹೋಯಿತು. ಮುಂದಿನ ವರ್ಷ ಇಲಾಖೆಯವರೇ ಅಗೆದು ತೆಗೆದು, ನೀರು ಬಿಟ್ಟು ತೊಳೆದರು. ಇದಕ್ಕೆ ನನ್ನ ತಕರಾರಿಲ್ಲ. ಹಳೆಯ ಶಾಸನಕಲ್ಲು ಮಣ್ಣಿನಲ್ಲಿ ಸಿಕ್ಕಿದ್ದರೂ ಹಾಗೇ ಮಾಡುತ್ತಿದ್ದರು. ರಸ್ತೆಯ ನಕ್ಷೆ ಹೊರಬಿದ್ದ ಮಾರನೇ ದಿನ ಯಾರಿಗೋ ಕಂಡ ಎಲ್ಫ್‌ಗೆ ಈ ಕಾನೂನಿನಲ್ಲಿ ಜಾಗ ಇಲ್ಲ, ಅದಕ್ಕೇ ಇದು ಕೆಲಸ ಮಾಡುತ್ತದೆ.