ಬಾವಲಿಗೆ ಮೀಸಲಾದ ಹೆಡ್‌ಫೋನು

ಹೆಡ್‌ಫೋನು ಕೊಳ್ಳುವಾಗ ನಮ್ಮ ಮೈಯಲ್ಲಿ ರಜೆ ಹಾಕುವ ಅಂಗ ಒಂದೇ, ಅದು ಕಿವಿ. ಕಣ್ಣು ಸ್ಟಾರ್ ಎಣಿಸುತ್ತದೆ. ಹೆಬ್ಬೆರಳು ಕೂಪನ್ ಒತ್ತುತ್ತದೆ. ಬಾಯಿ ಆಫೀಸಿನ ಕ್ಯಾಂಟೀನಿನಲ್ಲಿ ಡಂಗುರ ಹೊಡೆಯುತ್ತದೆ. ಕಿವಿಗೆ ವಿಷಯ ಗೊತ್ತಾಗುವುದು ಪಾರ್ಸೆಲ್ ಮನೆಗೆ ಬಂದ ಮೇಲೆ. ಆಗ ಅದು ಏನಾದರೂ ತಕರಾರು ತೆಗೆದರೆ ಬಲ್ಲವರು ಸಮಾಧಾನ ಹೇಳುತ್ತಾರೆ: 'ಹೊಸದಲ್ವಾ, ಇನ್ನೂರು ಗಂಟೆ ಓಡಲಿ, ಆಮೇಲೆ ನೋಡಿ ಸೌಂಡು!' ವಾಪಸ್ ಕೊಡಲು ಇರುವುದು ಏಳು ದಿನ. ಹಗಲು ರಾತ್ರಿ ಬಿಡದೆ ಓಡಿಸಿದರೂ ಏಳು ದಿನಕ್ಕೆ 168 ಗಂಟೆ. ಈ ಲೆಕ್ಕ ಯಾರು ಹಾಕಿದರೋ, ವ್ಯಾಪಾರ ಬಲ್ಲವರೇ ಇರಬೇಕು. ಅಷ್ಟರೊಳಗೆ ಹೆಡ್‌ಫೋನು ಪಳಗುತ್ತದೋ ಇಲ್ಲವೋ, ಗಿರಾಕಿಯಂತೂ ಪಳಗಿರುತ್ತಾನೆ.

ಹಾಗಾದರೆ ಅಂಗಡಿಗೇ ಹೋಗಿ ಕೇಳಿ ತರೋಣ ಎಂದು ಹಳೇ ಕಾಲದವರೊಬ್ಬರು ಹೊರಟರು ಎನ್ನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹೆಡ್‌ಫೋನಿಗೆ ಬರವಿಲ್ಲ. 'ಒಂದ್ಸಲ ಹಾಕ್ಕೊಂಡು ನೋಡಬಹುದಾ?' ಎಂದರೆ ಬರುವ ಉತ್ತರ: 'ಸೀಲ್ ಒಡೆದ್ರೆ ವಾಪಸ್ ತಗೊಳಲ್ಲ ಸಾರ್. ಡಬ್ಬಿ ಮೇಲೆ ಎಲ್ಲಾ ಬರ್ದಿದೆ, ನೋಡಿ.' ಬರೆದಿರುವುದೇನೋ ನಿಜ. ಕೇಳುವ ಸಾಮಾನನ್ನು ಓದಿ ಕೊಳ್ಳುವ ಕಾಲ ಇದು.

ಡಬ್ಬಿಯ ಮೇಲೆ ಬಂಗಾರದ ಬಣ್ಣದ ಒಂದು ಚೀಟಿ ಇರುತ್ತದೆ, ಹೈ-ರೆಸ್ ಆಡಿಯೊ ಅಂತ. ಅದು ಜಪಾನ್ ಆಡಿಯೊ ಸೊಸೈಟಿಯ ಗುರುತು. ಆ ಚೀಟಿ ಸಿಗಬೇಕಾದರೆ ಹೆಡ್‌ಫೋನು 40 ಕಿಲೋಹರ್ಟ್ಸ್‌ವರೆಗೆ ಹಾಡಬೇಕು. (ಕಿಲೋಹರ್ಟ್ಸ್ ಎಂದರೆ ಸ್ವರ ಎಷ್ಟು ಮೇಲೇರುತ್ತದೆ ಎಂಬುದರ ಅಳತೆ.) ಮನುಷ್ಯನ ಕಿವಿ ನಿಲ್ಲುವುದು 20ಕ್ಕೆ, ಅದೂ ಚಿಕ್ಕ ವಯಸ್ಸಿನಲ್ಲಿ. ಐವತ್ತು ದಾಟಿದ ಮೇಲೆ ಬಹಳ ಜನಕ್ಕೆ ಹನ್ನೆರಡು ಹದಿಮೂರರಾಚೆ ನಿಶ್ಶಬ್ದ. (ಮನೆಯಲ್ಲಿ ಹೆಂಡತಿ ಕರೆದದ್ದು ಕೇಳಿಸದಿರುವುದು ಬೇರೆ ಕಾಯಿಲೆ. ಅದಕ್ಕೆ ವಯಸ್ಸು ಕಾರಣವಲ್ಲ.) ಉಳಿದ ಮೇಲಿನ ಅರ್ಧ ಯಾರಿಗೆ? ಬೆಕ್ಕಿಗೆ ಕೇಳುತ್ತದೆ. ಬಾವಲಿಗೆ ಧಾರಾಳವಾಗಿ ಕೇಳುತ್ತದೆ. ಕಂತು ಕಟ್ಟುವವನು ಮಾತ್ರ ಮನುಷ್ಯ.

'ನಮಗೆ ಕೇಳದಿದ್ದರೂ ಅನುಭವಕ್ಕೆ ಬರುತ್ತೆ ಸಾರ್' ಎನ್ನುವ ಭಕ್ತರಿದ್ದಾರೆ. ಅವರಿಗಾಗಿಯೇ ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಒಂದು ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಹೆಚ್ಚಿನ ಗುಣಮಟ್ಟದ ರೆಕಾರ್ಡಿಂಗ್ ಒಂದು ಕಡೆ, ಅದನ್ನೇ ಮಾಮೂಲಿ ಸಿಡಿಯ ಮಟ್ಟಕ್ಕೆ ಇಳಿಸಿದ್ದು ಇನ್ನೊಂದು ಕಡೆ. ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದರೂ ಒಂದು ಅಂಕ ಜಾಸ್ತಿಯೇ ಬರುತ್ತಿತ್ತು. ಅದೇ ವರ್ಷ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ 7,250 ಡಾಲರಿನ ಸ್ಪೀಕರ್ ತಂತಿಯನ್ನು ಮಾಮೂಲಿ ತಂತಿಯಿಂದ ಬೇರೆ ಮಾಡಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದರು. ಆ ಪರೀಕ್ಷೆ ನಡೆಯಲೇ ಇಲ್ಲ. ತಮ್ಮದು ಚಿನ್ನದ ಕಿವಿ, ಎಂಥ ಸೂಕ್ಷ್ಮವೂ ಕೇಳುತ್ತದೆ ಎನ್ನುವವರಿಗೆ ದುಡ್ಡಿನ ಆಸೆ ಇಲ್ಲ ಎಂದು ಇದರಿಂದ ತಿಳಿಯುತ್ತದೆ.

ಇನ್ನು ಬೆಲೆ. ಎಂಆರ್‌ಪಿ 5,990 ಎಂದು ಬರೆದು, ಅದರ ಮೇಲೊಂದು ಗೀಟು ಎಳೆದು, ಪಕ್ಕದಲ್ಲಿ 1,199 ಎಂದು ಹಾಕಿರುತ್ತಾರೆ. ಆ 5,990ಕ್ಕೆ ಅದನ್ನು ಕೊಂಡ ಪುಣ್ಯಾತ್ಮನನ್ನು ಈವರೆಗೆ ಯಾರೂ ಕಂಡಿಲ್ಲ. ಅದು ಹುಟ್ಟಿದ ದಿನವೇ ಗೀಟು ಬಿದ್ದ ಬೆಲೆ. ಆದರೂ ನಮ್ಮ ಲೆಕ್ಕ ಕೇಳಿ: '4,800 ಉಳಿಸಿದೆ!' ಹೀಗೆ ಉಳಿಸಿ ಉಳಿಸಿಯೇ ತಿಂಗಳ ಕೊನೆಗೆ ಕೈ ಸಾಲ ಮಾಡುವವರಿದ್ದಾರೆ. ಹೋಗಲಿ, ಬೆಲೆ ಏರಿದಷ್ಟೂ ಸ್ವರ ಚೆನ್ನಾಗಿರುತ್ತದೆಯೇ? ಬ್ರೇಬಾರ್ಟ್ ಎನ್ನುವವರು 283 ಹೆಡ್‌ಫೋನುಗಳನ್ನು ಅಳೆದು 2017ರಲ್ಲಿ ಹೇಳಿದ್ದು ಇಷ್ಟೇ: ಯಾವ ಸ್ವರವನ್ನು ಎಷ್ಟು ಎತ್ತಿ ಕೊಡುತ್ತದೆ ಎಂಬುದಕ್ಕೂ ಅದರ ಬೆಲೆಗೂ ಸಂಬಂಧ ಕಾಣಲಿಲ್ಲ. ಇದನ್ನು ಮೂವತ್ತು ಸಾವಿರದ ಹೆಡ್‌ಫೋನು ಹಾಕಿಕೊಂಡವರಿಗೆ ಹೇಳಲು ಹೋಗಬೇಡಿ. ಕೇಳಿಸುವುದಿಲ್ಲ.

ಆಯ್ಕೆ ಕಷ್ಟವಾದಾಗ ಮೊರೆ ಹೋಗುವುದು ಯೂಟ್ಯೂಬಿನ ರಿವ್ಯೂಗಳಿಗೆ. ಅಲ್ಲಿ ಒಬ್ಬ ಹುಡುಗ ನೀಲಿ ದೀಪದ ಕೆಳಗೆ ಕೂತು ಕಣ್ಣು ಮುಚ್ಚಿ ತಲೆದೂಗುತ್ತಾನೆ. 'ಸೌಂಡು ಬೆಚ್ಚಗಿದೆ ಗೈಸ್, ಮೇಲ್ಗಡೆ ಗರಿಗರಿ, ಒಳಗೆ ತುಂಬ್ಕೊಂಡಿದೆ' ಎನ್ನುತ್ತಾನೆ. ಕೇಳುತ್ತಿದ್ದರೆ ಇವನು ಹೆಡ್‌ಫೋನು ಹಾಕಿಕೊಂಡಿದ್ದಾನೋ ಉದ್ದಿನ ವಡೆ ತಿನ್ನುತ್ತಿದ್ದಾನೋ ತಿಳಿಯುವುದಿಲ್ಲ. ಆಮೇಲೆ ಮುಖ್ಯ ಘಟ್ಟ. 'ಈಗ ನೀವೇ ಕೇಳಿ' ಎಂದು ಹೊಸ ಹೆಡ್‌ಫೋನನ್ನು ಮೈಕಿನ ಹತ್ತಿರ ಹಿಡಿಯುತ್ತಾನೆ. ಲಕ್ಷಾಂತರ ಜನ ಅದನ್ನು ತಮ್ಮ ಹಳೇ ಇಯರ್‌ಫೋನಿನಲ್ಲಿ, ಕೆಲವರು ಫೋನಿನ ಸ್ಪೀಕರಿನಲ್ಲಿ ಕೇಳಿ 'ಆಹಾ, ಎಂಥಾ ಕ್ಲಿಯರ್' ಎಂದು ಕೆಳಗೆ ಬರೆಯುತ್ತಾರೆ. ಅಷ್ಟು ಕ್ಲಿಯರಾಗಿ ಕೇಳಿಸಿದ್ದು ಹಳೆಯದರಲ್ಲೇ ತಾನೇ? ಅದನ್ನು ಬಿಸಾಡಿ ಹೊಸದನ್ನು ಆರ್ಡರ್ ಮಾಡುತ್ತಾರೆ.

ತಂತಿಯ ಕಥೆ ಇನ್ನೂ ಚೆಂದ. ಸಿಡಿಯಲ್ಲಿರುವುದು ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ. ಅಷ್ಟನ್ನೂ ಕಿವಿಗೆ ತಲುಪಿಸಲು ಒಂದು ಸಾದಾ ತಂತಿ ಸಾಕಾಗಿತ್ತು. 2016ರಲ್ಲಿ ಆಪಲ್ ಕಂಪನಿ ಐಫೋನಿನಿಂದ ಆ ತಂತಿಯ ತೂತನ್ನೇ ತೆಗೆಯಿತು. ವೇದಿಕೆಯ ಮೇಲೆ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಫಿಲ್ ಶಿಲ್ಲರ್ ಇದಕ್ಕೆ ಬೇಕಾದದ್ದು ಧೈರ್ಯ ಎಂದರು. ಉಳಿದವರು ಮೊದಲು ನಕ್ಕರು, ಆಮೇಲೆ ಅವರಿಗೂ ಧೈರ್ಯ ಬಂತು. ಈಗ ಬ್ಲೂಟೂತ್‌ನಲ್ಲಿ ಗಾಳಿಯ ಮೇಲೆ ಹಾಡು ಹಾಯಿಸಬೇಕು. ಅದಕ್ಕೆ ಹಾಡನ್ನು ಮಡಚಿ ಕಳಿಸುವ ಸೋನಿಯವರ ಎಲ್‌ಡಿಎಸಿ ಎಂಬ ವಿಧಾನ ಇದೆ, 990 ಕಿಲೋಬಿಟ್‌ವರೆಗೆ ಬರುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ನಿಂತರೆ ಸಿಗ್ನಲ್ ಸಾಲದೆ ಅದು 330ಕ್ಕೂ ಇಳಿಯುತ್ತದೆ ಎಂದು ಬರೆದಿಲ್ಲ. ಐಫೋನಿಗೆ ಎಲ್‌ಡಿಎಸಿ ಬರುವುದೇ ಇಲ್ಲ ಎಂಬುದನ್ನೂ ಬರೆದಿಲ್ಲ. ಕೊಂಡವರೂ ಕೇಳಿಲ್ಲ. ಪುಕ್ಕಟೆ ಸಿಗುತ್ತಿದ್ದದ್ದನ್ನು ಕಿತ್ತುಕೊಂಡು ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಕೊಟ್ಟರೆ ಅದಕ್ಕೆ ತಂತ್ರಜ್ಞಾನ ಎಂದು ಹೆಸರು.

ಸದ್ದು ತಡೆಯುವ ವಿದ್ಯೆ ಮಾತ್ರ ನಿಜವಾದ ವಿದ್ಯೆ, ಅದನ್ನು ಒಪ್ಪಬೇಕು. ಬಂಗಾಳಿ ಮೂಲದ ಅಮರ್ ಬೋಸ್ 1978ರಲ್ಲಿ ಜೂರಿಕ್‌ನಿಂದ ವಿಮಾನದಲ್ಲಿ ಬರುತ್ತಾ, ಇಂಜಿನ್ನಿನ ಗುಂಯ್ ಸದ್ದಿಗೆ ಬೇಸತ್ತು ಇದರ ಲೆಕ್ಕ ಹಾಕಲು ಕೂತರು. ಹೊರಗಿನ ಅಲೆಗೆ ತಲೆಕೆಳಗಾದ ಅಲೆಯನ್ನು ಎದುರು ಬಿಟ್ಟು ಎರಡನ್ನೂ ಅಳಿಸುವುದು. ಒಂದೇ ಸಮನೆ ಮೊರೆಯುವ ಸದ್ದಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಸಿಲ್ಕ್ ಬೋರ್ಡಿನ ಹಾರ್ನಿಗೆ, ಮೇಲಿನ ಮನೆಯವರ ಮಾತಿಗೆ ಅಷ್ಟಾಗಿ ಬಗ್ಗುವುದಿಲ್ಲ. ನಮ್ಮ ಊರಿನ ಸದ್ದಿಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಎದುರು ಅಲೆ ಬಿಡೋಣವೆಂದರೆ ಯಾವುದಕ್ಕೆ ಬಿಡುವುದು? ಇದಕ್ಕೂ ಒಳ್ಳೆಯ ಉಪಾಯ ಅಗ್ಗದ ಡಬ್ಬಿಯವರದು. ಅವರು ಎಎನ್‌ಸಿ ಬದಲು ಇಎನ್‌ಸಿ ಎಂದು ಅಚ್ಚು ಹಾಕುತ್ತಾರೆ. ಒಂದಕ್ಷರದ ವ್ಯತ್ಯಾಸ, ಯಾರು ನೋಡುತ್ತಾರೆ? ಎಎನ್‌ಸಿ ನಿಮ್ಮ ಕಿವಿಗೆ ಬರುವ ಸದ್ದು ತಗ್ಗಿಸುತ್ತದೆ. ಇಎನ್‌ಸಿ ತಗ್ಗಿಸುವುದು ನಿಮ್ಮ ಮೈಕಿನಿಂದ ಆ ಕಡೆಯವರಿಗೆ ಹೋಗುವ ಗಲಾಟೆಯನ್ನು. ಅಂದರೆ ದುಡ್ಡು ನಿಮ್ಮದು, ನೆಮ್ಮದಿ ಮ್ಯಾನೇಜರಿನದು. ಇಷ್ಟು ಪರೋಪಕಾರಿ ಯಂತ್ರ ಬೇರೊಂದಿಲ್ಲ.

ಇಷ್ಟೆಲ್ಲಾ ಆದ ಮೇಲೆ ಡಬ್ಬಿಯ ತಳದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಅದರಲ್ಲಿ ಚಿಕ್ಕದು, ದೊಡ್ಡದು ಎಂದು ಎರಡು ಜೊತೆ ರಬ್ಬರ್ ಟೋಪಿ. ಮಧ್ಯದ್ದು ಆಗಲೇ ಇಯರ್‌ಫೋನಿಗೆ ಹಾಕಿರುತ್ತದೆ. ಇಡೀ ಡಬ್ಬಿಯಲ್ಲಿ ಸೌಂಡಿನ ಗುಣಕ್ಕೆ ನೇರ ಸಂಬಂಧ ಇರುವ ವಸ್ತು ಇದು. ಕಿವಿಯ ತೂತಿಗೆ ಟೋಪಿ ಸರಿಯಾಗಿ ಕೂತು ಗಾಳಿ ಆಡದಂತಾದರೆ ಕೆಳಸ್ಥಾಯಿ ಒಳಗೆ ಉಳಿಯುತ್ತದೆ. ಸಡಿಲವಾದರೆ ಬೇಸ್ ಎಲ್ಲಾ ಸೋರಿಹೋಗುತ್ತದೆ, ಇಪ್ಪತ್ತು ಸಾವಿರದ ಮಾಲಾದರೂ ಅಷ್ಟೇ. ಈ ಚೀಲದ ಗತಿ ಏನು? ಡಬ್ಬಿಯ ಜೊತೆ ಅಟ್ಟಕ್ಕೆ. ನಾಲ್ಕು ದಿನ ಕಳೆದ ಮೇಲೆ 'ಯಾಕೋ ಬೇಸ್ ಕಮ್ಮಿ ಕಣೋ' ಎಂಬ ಗೊಣಗಾಟ. ಆಮೇಲೆ ಎಕ್ಸ್‌ಟ್ರಾ ಬೇಸ್ ಎಂದು ಬರೆದ ಇನ್ನೊಂದರ ಆರ್ಡರ್. ಅದು ಬಂದರೆ ಗಣಪತಿ ಬಿಡುವ ದಿನದ ಡಿಜೆ ಗಾಡಿ ತಲೆಯೊಳಗೇ ನಿಂತಂತೆ. ಕಛೇರಿ ಕೇಳಲು ಕೂತರೆ ಮೃದಂಗದ ಎಡಗೈ ಒಂದೇ ಕೇಳುತ್ತದೆ. ಪಿಟೀಲಿನವರು ಅವತ್ತು ಬಂದಿದ್ದರೋ ಇಲ್ಲವೋ ಗೊತ್ತಾಗುವುದಿಲ್ಲ.

ಕೇಳುವುದಾದರೂ ಏನನ್ನು? ಅಣ್ಣಾವ್ರ ಕಪ್ಪು ಬಿಳುಪು ಕಾಲದ ಹಾಡು, ಒಂದೇ ಟ್ರ್ಯಾಕಿನಲ್ಲಿ ಮೋನೋ ಆಗಿ ಹೊರಬಂದದ್ದು. ಅದನ್ನು ಮೀಡಿಯಂ ವೇವ್ ರೇಡಿಯೊದಲ್ಲಿ ಕೇಳಿ ಅಳುತ್ತಿದ್ದ ತಲೆಮಾರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಐದು ಕಿಲೋಹರ್ಟ್ಸ್. ಅಳು ಕಮ್ಮಿ ಬಿದ್ದ ವರದಿಯಿಲ್ಲ. ಈಗ ಅದೇ ಹಾಡಿಗೆ ಸ್ಪೇಶಿಯಲ್ ಆಡಿಯೊ ಹಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ 'ನೋಡು, ಅಣ್ಣಾವ್ರು ಕಿಟಕಿ ಹತ್ರ ಹೋದ್ರು' ಎಂದು ರೋಮಾಂಚನಗೊಳ್ಳುತ್ತೇವೆ.

ಇಷ್ಟೆಲ್ಲಾ ತಪಸ್ಸು ಮಾಡಿ ಕೊಂಡ ಹೆಡ್‌ಫೋನನ್ನು ಜನ ಹಾಕಿಕೊಳ್ಳುತ್ತಾರೆಯೇ? ಬಸ್ಸಿನಲ್ಲಿ ಫೋನಿನ ಹಾಡನ್ನು ಜೋರಾಗಿ ಹಾಕಬಾರದು ಎಂದು ಹೈಕೋರ್ಟು ಹೇಳಬೇಕಾಯಿತು. ಅದರಂತೆ 2021ರಲ್ಲಿ ಕೆಎಸ್‌ಆರ್‌ಟಿಸಿ ಸುತ್ತೋಲೆಯನ್ನೂ ಹೊರಡಿಸಿತು. ಆದರೂ ಯಾವ ಬಸ್ಸಿನಲ್ಲಾದರೂ ಹತ್ತಿ ನೋಡಿ. ಹಿಂದಿನ ಸೀಟಿನಲ್ಲಿ ರೀಲ್ಸು, ಮುಂದಿನ ಸೀಟಿನಲ್ಲಿ ಧಾರಾವಾಹಿ, ನಡುವೆ ನಾವು. ಇದಕ್ಕಿಂತ ಒಳ್ಳೆಯ ಸರೌಂಡ್ ಸೌಂಡ್ ಎಲ್ಲಿ ಸಿಗಬೇಕು?

ಕಂಡಕ್ಟರ್ ಬಂದು ರೀಲ್ಸಿನವರನ್ನು ಕೇಳುತ್ತಾರೆ, 'ರೀ ಸ್ವಾಮಿ, ಕಿವಿಗೆ ಹಾಕ್ಕೊಳ್ಳೋದು ಇಲ್ವಾ?'

'ಇದೆ ಸಾರ್. ಹೈ-ರೆಸ್‌ದು, ಐವತ್ತು ಗಂಟೆ ಬ್ಯಾಟರಿ. ಚಾರ್ಜ್ ಹಾಕೋದು ಮರ್ತೋಯ್ತು.'